ಆಗಸ್ಟ್ 15: ಸಂತ ಫ್ರಾನ್ಸಿಸ್ ಝೇವಿಯರರು ಮಾತು ಕೊಟ್ಟ ದಿನ

ಆಗಸ್ಟ್ 15 ಬಂತೆಂದರೆ ನಮಗೆ ಎರಡು ಹಬ್ಬ. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಬಲಿಪೂಜೆ ಮುಗಿಸಿ, ದೇವಾಲಯದ ಅಂಗಳದಲ್ಲಿ ರಾಷ್ಟ್ರಧ್ವಜಕ್ಕೆ ವಂದಿಸಿ ಮನೆಗೆ ಮರಳುತ್ತೇವೆ. ನಮಗೆಲ್ಲ ಪರಿಚಿತರಾದ ಸಂತ ಫ್ರಾನ್ಸಿಸ್ ಝೇವಿಯರರ ಬಾಳಿನಲ್ಲೂ ಈ ದಿನ ಎರಡು ಬಾರಿ ವಿಶೇಷವಾಯಿತೆಂದು ನಿಮಗೆ ಗೊತ್ತೇ?

ಫ್ರಾನ್ಸಿಸರು ಹುಟ್ಟಿದ್ದು 1506ರ ಏಪ್ರಿಲ್ 7ರಂದು, ನವಾರ್ ಸೀಮೆಯ ಝೇವಿಯರ್ ಕೋಟೆಯಲ್ಲಿ. ಓದಲು ಪ್ಯಾರಿಸ್ಸಿಗೆ ಹೋದ ಈ ಕುಲೀನ ಯುವಕನಿಗೆ ಬೇಕಾಗಿದ್ದುದು ಹೆಸರು ಮತ್ತು ಪದವಿ. ಜೊತೆಯಲ್ಲಿ ವಾಸವಾಗಿದ್ದ ಇಗ್ನೇಷಿಯಸ್ ಲೊಯೋಲರು ಆ ಮನಸ್ಸನ್ನು ಮೆಲ್ಲಮೆಲ್ಲಗೆ ದೇವರ ಕಡೆಗೆ ತಿರುಗಿಸಿದರು. 1534ರ ಆಗಸ್ಟ್ 15ರಂದು ಏಳು ಮಂದಿ ಗೆಳೆಯರು ಮೊಂಮಾರ್ತ್ರ್ ಗುಡ್ಡದ ಪುಟ್ಟ ಪ್ರಾರ್ಥನಾಲಯದಲ್ಲಿ ಸೇರಿದರು. ಅವರಲ್ಲಿ ಗುರುವಾಗಿದ್ದವರು ಪೀಟರ್ ಫೇಬರ್ ಒಬ್ಬರೇ. ಅವರು ಅರ್ಪಿಸಿದ ಬಲಿಪೂಜೆಯಲ್ಲಿ ಎಲ್ಲರೂ ಬಡತನ, ಬ್ರಹ್ಮಚರ್ಯದ ವ್ರತ ತೊಟ್ಟರು. ಜೆರುಸಲೇಮಿಗೆ ಹೋಗುವೆವು, ಅದಾಗದಿದ್ದರೆ ಪೋಪರು ಕಳುಹಿಸಿದಲ್ಲಿಗೆ ಹೋಗುವೆವು ಎಂದು ದೇವರಿಗೆ ಮಾತು ಕೊಟ್ಟರು.

ಜೆರುಸಲೇಮಿಗೆ ಹಡಗು ಸಿಗಲೇ ಇಲ್ಲ. ವೆನಿಸ್ ಮತ್ತು ತುರ್ಕರ ನಡುವಿನ ಯುದ್ಧ ದಾರಿಯನ್ನು ಮುಚ್ಚಿತು. ಮಾತಿನಂತೆ ಅವರು ಪೋಪರ ಬಳಿಗೆ ಹೋದರು. 1540ರಲ್ಲಿ, ಭಾರತಕ್ಕೆ ಹೊರಡಬೇಕಿದ್ದ ಸಂಗಾತಿ ಬೊಬಡಿಲ್ಲರು ಕಾಯಿಲೆ ಬಿದ್ದಾಗ, ಅವರ ಬದಲು ಫ್ರಾನ್ಸಿಸರು ತಡಮಾಡದೆ ಹೊರಟರು. 1542ರ ಮೇ 6ರಂದು ಗೋವೆಗೆ ಬಂದಿಳಿದರು. ಅಲ್ಲಿನ ರೋಗಿಗಳು, ತೆಂಕಣ ಕರಾವಳಿಯ ಮುತ್ತು ತೆಗೆಯುವ ಬೆಸ್ತರು, ದೂರದ ಮಲಾಕ್ಕದ ಜನರು ಅವರ ಮಂದೆಯಾದರು.

ಮಾತು ಕೊಟ್ಟು ಸರಿಯಾಗಿ ಹದಿನೈದು ವರ್ಷಕ್ಕೆ, 1549ರ ಆಗಸ್ಟ್ 15ರಂದು, ಅದೇ ಮಾತೆಯ ಹಬ್ಬದ ದಿನ, ಅವರು ಜಪಾನಿನ ಕಾಗೊಶಿಮಾದಲ್ಲಿ ಕಾಲಿಟ್ಟರು. ಭಾಷೆ ಬಾರದೆ ಮಗುವಿನಂತೆ ಕಲಿಯಬೇಕಾಯಿತು. ಎರಡು ವರ್ಷ ದುಡಿದ ಬಳಿಕ ಚೀನಾದತ್ತ ಮನಸ್ಸು ಹರಿಯಿತು. ಆದರೆ 1552ರ ಡಿಸೆಂಬರ್ 3ರಂದು, ಚೀನಾದ ಒಳನಾಡನ್ನು ಕಾಣದೆಯೇ, ಅದರ ತೀರದಾಚೆಯ ಸಾನ್ಸಿಯನ್ ದ್ವೀಪದಲ್ಲಿ ಕಣ್ಣು ಮುಚ್ಚಿದರು. ಆಗ ಅವರಿಗೆ 46 ವರ್ಷ.

ಶತಮಾನಗಳ ನಂತರ, 1945ರ ಆಗಸ್ಟ್ 15ರಂದು, ಯುದ್ಧ ನಿಲ್ಲುವ ಸುದ್ದಿಯನ್ನು ಜಪಾನಿನ ಜನ ರೇಡಿಯೋದಲ್ಲಿ ಕೇಳಿದರು. 1947ರಲ್ಲಿ ಅದೇ ದಿನ ನಮ್ಮ ದೇಶ ಸ್ವತಂತ್ರವಾಯಿತು.

ಪ್ರಿಯರೇ, ಫ್ರಾನ್ಸಿಸರು ಜೆರುಸಲೇಮನ್ನು ತಲುಪಲಿಲ್ಲ, ಚೀನಾವನ್ನೂ ಹೊಗಲಿಲ್ಲ. ಯೋಜನೆ ಕೈಗೂಡಲಿಲ್ಲ, ಮಾತು ಮಾತ್ರ ಉಳಿಯಿತು. ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಅಂಥದೊಂದು ದಿನವಿದೆ: ಪೀಠದ ಮುಂದೆ ಒಬ್ಬರಿಗೊಬ್ಬರು ಮಾತು ಕೊಟ್ಟ ನಿಮ್ಮ ವಿವಾಹದ ದಿನ. ಅಂದು ಕಂಡ ಕನಸುಗಳೆಲ್ಲ ನನಸಾಗಿರಲಿಕ್ಕಿಲ್ಲ. ಕಾಯಿಲೆ, ಸಾಲ, ಮಕ್ಕಳ ಚಿಂತೆ ದಾರಿಯನ್ನು ಬದಲಿಸಿರಬಹುದು. ಆದರೂ ಈ ಹಬ್ಬದ ಸಂಜೆ ಮನೆಯವರೆಲ್ಲ ಜಪಸರ ಹಿಡಿದು ಕುಳಿತಾಗ, ಆ ಮಾತನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಹೇಳಿಕೊಳ್ಳಿರಿ. ದಾರಿಯನ್ನು ದೇವರಿಗೆ ಬಿಡಿರಿ.