ಗಾಮಾ ಎತ್ತಿದ ಕಲ್ಲು ಎಷ್ಟು ಕ್ವಿಂಟಾಲು?

ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಬಂತೆಂದರೆ ಬಯಲು ಕುಸ್ತಿ. ಕುಸ್ತಿ ಅಂದ ಮೇಲೆ ಗಾಮಾ ಪೈಲ್ವಾನನ ಹೆಸರು ಬಾರದೆ ಇರುತ್ತದೆಯೇ? ಹರಿಹರದ ಹೊಳೆ ದಂಡೆಯಲ್ಲಾಗಲಿ, ದಾವಣಗೆರೆ ಹಳೇಪೇಟೆಯ ಕಟ್ಟೆ ಮೇಲಾಗಲಿ ನಾಲ್ಕು ಜನ ಕೂತರೆ ಸಾಕು, ಗಾಮಾನ ಕಥೆ ಶುರು. ಒಬ್ಬ 10 ಕ್ವಿಂಟಾಲ್ ಎತ್ತಿದ ಅಂತಾನೆ, ಇನ್ನೊಬ್ಬ 15 ಅಂತಾನೆ. ಎತ್ತಿದ್ದು ಗಾಮಾ, ಏರಿಸುತ್ತಿರುವುದು ನಾವು! ಹಾಗಾದರೆ ನಿಜವೆಷ್ಟು? ಒಂದೊಂದೇ ಒರೆಗೆ ಹಚ್ಚಿ ನೋಡೋಣ.

ಗಾಮಾನ ಪೂರ್ತಿ ಹೆಸರು ಗುಲಾಂ ಮೊಹಮ್ಮದ್ ಬಕ್ಷ್. ಅಮೃತಸರದ ಕಡೆಯ ಕಾಶ್ಮೀರಿ ಪೈಲ್ವಾನರ ಮನೆತನ. ತಂದೆ ಅಜೀಜ್ ಬಕ್ಷ್ ಕೂಡ ಕುಸ್ತಿಪಟು, ಮಗ ಚಿಕ್ಕವನಿರುವಾಗಲೇ ತೀರಿಕೊಂಡ. ತಾಯಿಯ ಕಡೆಯವರು ಹುಡುಗನನ್ನು ಸಾಕಿ ಮಣ್ಣಿಗಿಳಿಸಿದರು. ಮುಂದೆ ದತಿಯಾ ಸಂಸ್ಥಾನದ ಮಹಾರಾಜರು ಆಶ್ರಯ ಕೊಟ್ಟರು.

ಹುಟ್ಟಿದ ವರ್ಷದಲ್ಲೇ ಮೊದಲ ತಕರಾರು. 1878 ಅನ್ನುವವರು ಹೆಚ್ಚು. 1880, 1882 ಎಂದೂ ಅಚ್ಚಾಗಿದೆ. 2022ರ ಮೇ 22ರಂದು ಗೂಗಲ್ ತನ್ನ ಮುಖಪುಟದಲ್ಲಿ ಗಾಮಾನ ಚಿತ್ರ ಹಾಕಿ 144ನೇ ಹುಟ್ಟುಹಬ್ಬ ಆಚರಿಸಿತು. ಅಂದರೆ ಅವರು ಹಿಡಿದದ್ದೂ 1878ನ್ನೇ. 1888ರಲ್ಲಿ ಜೋಧಪುರದಲ್ಲಿ ನಡೆದ ಸಾಮಿನ ಪಂದ್ಯದಲ್ಲಿ ಬಸ್ಕಿ ಹೊಡೆದು ಹೆಸರು ಮಾಡಿದಾಗ ಅವನಿಗೆ 10 ವರ್ಷ ಅಂತಾರೆ. ಲೆಕ್ಕ ಕೂಡುತ್ತದೆ. 1882 ಆದರೆ ಆಗ ಅವನು 6 ವರ್ಷದ ಕೂಸು! ಆ ವಯಸ್ಸಿಗೆ ದೊಡ್ಡ ಪೈಲ್ವಾನರ ಜೊತೆ ಬಸ್ಕಿಯ ಪಂದ್ಯ ನಂಬುವ ಮಾತಲ್ಲ.

ಇನ್ನು ಕಲ್ಲಿನ ವಿಚಾರ. ಬರೋಡಾದ ಸಯಾಜಿಬಾಗ್ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲು ಇದೆ. 1902ರ ಡಿಸೆಂಬರ್ 23ರಂದು ಗಾಮಾ ಎತ್ತಿದ ಎಂದು ಅದರ ಮೇಲೆ ಕೆತ್ತಿದೆ. ಎತ್ತರ ಎರಡೂವರೆ ಅಡಿ, ತೂಕ 1200 ಕೆ.ಜಿ. ಎಂದು ಎಲ್ಲೆಡೆ ಬರೆಯುತ್ತಾರೆ. ನಮ್ಮ ಎ.ಪಿ.ಎಂ.ಸಿ. ಲೆಕ್ಕದಲ್ಲಿ 12 ಕ್ವಿಂಟಾಲು.

ಸ್ವಲ್ಪ ಗಣಿತ ಮಾಡೋಣ. ಒಂದು ಘನ ಅಡಿ ಗಟ್ಟಿ ಕಲ್ಲು ಸುಮಾರು 75 ಕೆ.ಜಿ. ತೂಗುತ್ತದೆ. ಎರಡೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಚೌಕದ ಕಲ್ಲಾದರೆ 1170 ಕೆ.ಜಿ. ಆಯಿತು. ಅದೇ ಕಲ್ಲು ಮೂಲೆಗಳು ಹೋಗಿ ಗುಂಡಾದರೆ ತೂಕ ಅರ್ಧಕ್ಕೆ, ಅಂದರೆ 600 ಚಿಲ್ಲರೆಗೆ ಇಳಿಯುತ್ತದೆ. ಐಸ್‌ಲ್ಯಾಂಡಿನ ಬಲಶಾಲಿ ಬ್ಯೋರ್ನ್ಸನ್ 2020ರಲ್ಲಿ ಕಬ್ಬಿಣದ ಸರಳು ಹಿಡಿದು ನೆಲದಿಂದ ಎತ್ತಿದ್ದು 501 ಕೆ.ಜಿ., ಅದಕ್ಕೇ ಜಗತ್ತು ಬಾಯಿ ಮೇಲೆ ಬೆರಳಿಟ್ಟಿತು. ಹಿಡಿಕೆ ಇಲ್ಲದ 12 ಕ್ವಿಂಟಾಲ್ ಕಲ್ಲನ್ನು ಎದೆಗವಚಿ ನಡೆದಾಡಿದ ಎಂಬುದು ಹೇಗೆ ಸಾಧ್ಯ ಸ್ವಾಮಿ? ಕಲ್ಲೂ ನಿಜ, ಕೆತ್ತಿದ ತಾರೀಖೂ ಇದೆ. ನಡೆದಾಡಿದ್ದು ಮಾತ್ರ ಬಾಯಿಂದ ಬಾಯಿಗೆ ಬೆಳೆದ ಮಾತು.

ಲಂಡನ್ ಕಥೆಗೆ ದಾಖಲೆ ಗಟ್ಟಿ. 1910ರಲ್ಲಿ ಗಾಮಾ ತಮ್ಮ ಇಮಾಂ ಬಕ್ಷನ ಜೊತೆ ಹಡಗು ಹತ್ತಿದ. ಎತ್ತರ ಐದಡಿ ಏಳೆಂಟು ಅಂಗುಲ ಅಷ್ಟೇ. ಅಮೆರಿಕದ ಡಾಕ್ಟರ್ ಬೆಂಜಮಿನ್ ರೋಲರ್‌ನನ್ನು ಒಂದೇ ದಿನ ಎರಡು ಸಲ ಚಿತ್ ಮಾಡಿದ. ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೋ ಎದುರಾದ. ಆ ಮಹಾಶಯ ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ನೆಲ ಕಚ್ಚಿಕೊಂಡು ಮಲಗಿದ, ಕುಸ್ತಿ ಸಮಸಮ. 17ರಂದು ಮತ್ತೆ ಕರೆದರೆ ಬರಲೇ ಇಲ್ಲ. ಜಾನ್ ಬುಲ್ ಪಟ್ಟಿ ಗಾಮಾನ ಪಾಲಾಯಿತು.

ಇದೇ ವಿಶ್ವ ಚಾಂಪಿಯನ್ ಪಟ್ಟ ಅಂತಾರೆ. ಜಾನ್ ಬುಲ್ ಅಂದರೆ ಲಂಡನ್ನಿನ ಒಂದು ಪತ್ರಿಕೆ, ಪಟ್ಟಿ ಕೊಟ್ಟದ್ದು ಅದು. ಆ ಕಾಲದ ಇನ್ನಿಬ್ಬರು ದಿಗ್ಗಜರಾದ ಫ್ರಾಂಕ್ ಗಾಚ್, ಹ್ಯಾಕನ್‌ಶ್ಮಿಟ್ ಗಾಮಾನ ಎದುರು ಮಣ್ಣಿಗಿಳಿಯಲೇ ಇಲ್ಲ. ಇಳಿದಿದ್ದರೆ ಏನಾಗುತ್ತಿತ್ತೋ, ಅದು ಬೇರೆ ಮಾತು.

1928ರ ಜನವರಿಯಲ್ಲಿ ಪಟಿಯಾಲಾದಲ್ಲಿ ಅದೇ ಜ್ಬಿಸ್ಕೋ ಮತ್ತೆ ಬಂದ. ಒಂದು ನಿಮಿಷದೊಳಗೆ ಬೆನ್ನು ಮಣ್ಣಿಗೆ! 42 ಸೆಕೆಂಡೋ 49 ಸೆಕೆಂಡೋ ಎಂಬುದಷ್ಟೇ ಜಗಳ. ಇಬ್ಬರಿಗೂ ಆಗ 50ರ ಹತ್ತಿರ ವಯಸ್ಸು ಎಂಬುದನ್ನು ಹೇಳುವವರು ಮಾತ್ರ ಕಡಿಮೆ.

5000 ಕುಸ್ತಿ ಗೆದ್ದ, ಒಂದೂ ಸೋಲಲಿಲ್ಲ ಅಂತಾರಲ್ಲ, ಅದೂ ನೋಡಿ. 52 ವರ್ಷಕ್ಕೆ 5000 ಅಂದ್ರೆ ನಾಲ್ಕು ದಿನಕ್ಕೊಂದು ಕುಸ್ತಿ! ಲಂಡನ್ನಿನಿಂದ ಬಂದ ಮೇಲೆ ಎದುರು ನಿಲ್ಲುವವರೇ ಅಪರೂಪವಾಗಿದ್ದ ಪೈಲ್ವಾನನಿಗೆ ಅಷ್ಟು ಜೋಡಿ ಎಲ್ಲಿಂದ ಸಿಗಬೇಕು? ಸೋತ ದಾಖಲೆ ಇಲ್ಲ, ಸರಿ. ಆದರೆ ಆಳೆತ್ತರದ ರಹೀಂ ಬಕ್ಷ್ ಸುಲ್ತಾನಿವಾಲಾ ಜೊತೆ ಸಮಸಮವಾದದ್ದುಂಟು. ಅದನ್ನು ಮುಚ್ಚಿಡುವುದೇಕೆ? ಸರಿಜೋಡಿ ಸಿಕ್ಕಿದ್ದ ಎಂಬುದೂ ಪೈಲ್ವಾನನಿಗೆ ಗೌರವವೇ.

ಇಷ್ಟೆಲ್ಲ ಯಾಕೆ ಕೆದಕಬೇಕು ಎಂದು ಕೇಳಬಹುದು. ಕಾರಣ ಇದೆ. ದಿನಕ್ಕೆ 5000 ಬಸ್ಕಿ, 3000 ದಂಡ ಎಂಬ ಲೆಕ್ಕ ಕೇಳಿ ಗರಡಿಗೆ ಬರುವ ಹುಡುಗರಿದ್ದಾರೆ. ಬಸ್ಕಿಗೆ ಎರಡು ಸೆಕೆಂಡು, ದಂಡಕ್ಕೆ ಮೂರು ಸೆಕೆಂಡು ಹಿಡಿದರೂ ಐದು ತಾಸು ಮೀರುತ್ತದೆ. ಗಾಮಾನಿಗೆ ಅರಮನೆಯ ಹಾಲು, ಬಾದಾಮಿ, ಮಾಂಸ, ಮೇಲೆ ಮಾಲೀಸು ಮಾಡುವ ಆಳುಗಳು. ಬೆಳಗ್ಗೆ ಮಂಡಿಯಲ್ಲಿ ಮೂಟೆ ಹೊತ್ತು ಸಂಜೆ ಗರಡಿಗೆ ಬರುವ ಹುಡುಗ ಅದನ್ನೇ ಮಾಡಹೋದರೆ ಮಂಡಿಚಿಪ್ಪು ಉಳಿಯುತ್ತದೆಯೇ? ಅಷ್ಟು ಹಾಲು ಯಾರ ಖಾತೆಗೆ ಬರೆಸುವುದು? ಸುಳ್ಳು ಲೆಕ್ಕ ನಂಬಿ ಗುಂಡು ಎತ್ತಿ ಸೊಂಟ ಹಿಡಿಸಿಕೊಂಡವನಿಗೆ ಕಥೆ ಹೇಳಿದವರು ಔಷಧಿ ಕೊಡಿಸುವುದಿಲ್ಲ.

1947ರ ನಂತರ ಗಾಮಾ ಲಾಹೋರಿನಲ್ಲಿ ಉಳಿದ. ಸಾಕಿದ ಸಂಸ್ಥಾನಗಳೇ ಹೋದ ಮೇಲೆ ಪೈಲ್ವಾನನ ಗತಿ ಏನು? ಕಾಯಿಲೆ, ಕೈ ಖಾಲಿ. 1960ರ ಮೇ 23ರಂದು ಅಲ್ಲೇ ಕಣ್ಣು ಮುಚ್ಚಿದ. ಜೋಡಿಯೇ ಸಿಗದಿದ್ದ ದೇಹವನ್ನು ಕೊನೆಗೆ ಚಿತ್ ಮಾಡಿದ್ದು ರೋಗ ಮತ್ತು ಬಡತನ. ಕಲ್ಲಿನ ತೂಕ ಹೇಳುವವರು ಇದನ್ನೂ ಹೇಳಬೇಕು.

ಒಂದು ಕ್ವಿಂಟಾಲ್ ಕಡಿಮೆ ಮಾಡಿದರೆ ಗಾಮಾ ಸಣ್ಣವನಾಗುವುದಿಲ್ಲ. ನಮ್ಮ ಗರಡಿಗಳ ಹಿರಿಯ ಉಸ್ತಾದರ ಲೆಕ್ಕವಾದರೂ ಯಾರು ಬರೆದಿಟ್ಟಿದ್ದಾರೆ? ಯಾವ ಜಾತ್ರೆ, ಯಾವ ವರ್ಷ, ಯಾರ ಮೇಲೆ ಯಾವ ಪಟ್ಟಿಗೆ ಗೆದ್ದರು? ಈ ಜಾತ್ರೆಯಿಂದಲೇ ಒಂದು ನೋಟ್‌ಬುಕ್ ಇಟ್ಟು ಜೋಡಿ, ಹೊತ್ತು, ಫಲಿತಾಂಶ ಬರೆಯಲಿ. ಖರ್ಚು ಹೆಚ್ಚಿಲ್ಲ. ಇಲ್ಲದಿದ್ದರೆ ನಮ್ಮವರೂ 50 ವರ್ಷದ ಮೇಲೆ 12 ಕ್ವಿಂಟಾಲ್ ಎತ್ತುತ್ತಾರೆ, ಇಲ್ಲವೇ ಹೆಸರೇ ಇಲ್ಲದೆ ಹೋಗುತ್ತಾರೆ.