ಗುರ್ಲಹೊಸೂರಿನ ಹುಡುಗ ಮತ್ತು ಮಾಮಾನ ಲೇತ್

ಈ ಸಲ ದಸರಾ ರಜೆಗೆ ಬೈಲಹೊಂಗಲದ ಮಾಮಾನ ಮನೆಗೆ ಹೋಗಿದ್ದೆ. ಖಂಡೇನವಮಿ ಪೂಜೆ ಮುಗಿದು ಎರಡೇ ದಿನ, ಅವರ ವರ್ಕ್‌ಶಾಪಿಗೆ ಗುಜರಿಯವ ಬಂದು ನಿಂತಿದ್ದ. ಮೂಲೆಯಲ್ಲಿರೋ ಹಳೇ ಲೇತನ್ನು ಕಿಲೋ ಲೆಕ್ಕದಲ್ಲಿ ತಗೋತೀನಿ ಅಂತ ಅವನ ಮಾತು. ಇದು ನೂರು ವರ್ಷದ ಇಂಗ್ಲಿಷರ ಮೆಷಿನ್, ಅಜ್ಜ ತಂದದ್ದು, ಕಿಲೋ ಲೆಕ್ಕಕ್ಕೆ ಕೊಡೋ ಮಾಲಲ್ಲ ಅಂತ ಮಾಮಾನ ಮಾತು. ನೂರೂ ಇಲ್ಲ ಗಿರೂ ಇಲ್ಲ, ಹೆಚ್ಚಂದ್ರೆ ಮೂವತ್ತು ಅಂತ ಅವನು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದ್ರು. ಮೆಕ್ಯಾನಿಕಲ್ ಓದ್ತೀಯಲ್ಲ, ವಯಸ್ಸು ನೀನೇ ಹೇಳು ಅಂದ್ರು ಮಾಮಾ.

ನಿಜ ಹೇಳ್ತೀನಿ, ನನಗೆ ಏನೂ ಗೊತ್ತಿರಲಿಲ್ಲ. ಲ್ಯಾಬ್‌ನಲ್ಲಿ ಫೇಸಿಂಗ್, ಟರ್ನಿಂಗ್, ನರ್ಲಿಂಗ್ ಮಾಡಿ ಜಾಬ್ ಸಬ್‌ಮಿಟ್ ಮಾಡಿದ್ದೇ ನನ್ನ ಲೇತ್ ಜ್ಞಾನ. ಒಂದು ದಿನ ಟೈಮ್ ಕೊಡಿ ಅಂತ ಕೇಳಿ ತಪ್ಪಿಸಿಕೊಂಡೆ.

ಮಾರನೇ ದಿನ ಸೀಮೆಎಣ್ಣೆ, ಹಳೇ ಬಟ್ಟೆ ಹಿಡಕೊಂಡು ಕೂತೆ. ಹೆಡ್‌ಸ್ಟಾಕ್ ಮೇಲೆ ಒಂದರ ಮೇಲೊಂದು ಮೂರು ಸಲ ಹಸಿರು ಬಣ್ಣ ಬಳಿದಿದ್ರು. ಅದನ್ನ ಮೆಲ್ಲಗೆ ಕೆರೆದಾಗ ಒಂದು ಪಟ್ಟಿ ಸಿಕ್ಕಿತು. ಅದರ ಮೇಲೆ ಮೈಸೂರು ಕಿರ್ಲೋಸ್ಕರ್, ಹರಿಹರ, ಮೈಸೂರು ಸ್ಟೇಟ್ ಅಂತ ಇಂಗ್ಲಿಷಿನಲ್ಲಿತ್ತು. ಇಂಗ್ಲಿಷರ ಮೆಷಿನ್ ಅನ್ನೋ ಕಥೆ ಅಲ್ಲಿಗೇ ಮುಗೀತು. ಆದರೆ ಆ ಕಿರ್ಲೋಸ್ಕರ್ ಅನ್ನೋ ಹೆಸರು ನಮ್ಮ ಪಕ್ಕದ ತಾಲೂಕಿಂದಲೇ ಶುರುವಾಗಿದ್ದು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ಹುಟ್ಟಿದ ಮಣ್ಣು ನಮ್ಮ ಎರೆ ಮಣ್ಣು. ಹುಡುಗನಿಗೆ ಓದಿಗಿಂತ ಎರಡೇ ಹುಚ್ಚು: ಚಿತ್ರ ಬರೆಯೋದು, ಮೆಷಿನ್ ಬಿಚ್ಚೋದು. 1885ರಲ್ಲಿ, ಅಂದ್ರೆ ಹದಿನಾರರ ವಯಸ್ಸಿನಲ್ಲಿ, ಮುಂಬೈಗೆ ಹೋಗಿ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದ್ರು. ಆಸೆ ದೊಡ್ಡ ಚಿತ್ರಕಾರ ಆಗೋದು. ಆದರೆ ಸ್ವಲ್ಪ ದಿನದಲ್ಲಿ ಅವರ ಕಣ್ಣಿಗೆ ಕೆಲವು ಬಣ್ಣಗಳ ನಡುವೆ ವ್ಯತ್ಯಾಸ ಕಾಣೋದಿಲ್ಲ ಅಂತ ಪತ್ತೆಯಾಯ್ತು. ಬಣ್ಣಗುರುಡು ಇರೋ ಹುಡುಗ ಪೇಂಟಿಂಗ್ ಹೇಗೆ ಮಾಡ್ತಾನೆ?

ಅಲ್ಲಿ ಅವರು ಊರಿಗೆ ವಾಪಸ್ ಬರಲಿಲ್ಲ. ಬಣ್ಣ ಬೇಡದ, ಬರೀ ಗೆರೆ ಬೇಕಾದ ಮೆಕ್ಯಾನಿಕಲ್ ಡ್ರಾಯಿಂಗ್ ಕಲಿತರು. ಅದರಲ್ಲಿ ಎಷ್ಟು ಪಳಗಿದ್ರು ಅಂದ್ರೆ ಮುಂಬೈನ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದ್ರೆ ಇವತ್ತಿನ ವಿಜೆಟಿಐನಲ್ಲಿ, ಅದನ್ನೇ ಕಲಿಸೋ ಮೇಷ್ಟ್ರಾದ್ರು. ಫಸ್ಟ್ ಸೆಮ್‌ನಲ್ಲಿ ಡ್ರಾಯಿಂಗ್ ಬೋರ್ಡ್ ಹೊತ್ಕೊಂಡು ಓಡಾಡುವಾಗ ಬೈಕೊಂಡ ನನಗೆ ಇದನ್ನ ಓದಿ ಸ್ವಲ್ಪ ನಾಚಿಕೆ ಆಯ್ತು.

ಕೆಲಸದ ಜೊತೆಗೇ ಒಂದು ಸೈಡ್ ಬಿಸಿನೆಸ್ಸೂ ಇತ್ತು. ಮುಂಬೈನಲ್ಲಿ ಸೈಕಲ್ ಕೊಂಡು ಬೆಳಗಾವಿಗೆ ಕಳಿಸೋದು, ಅಲ್ಲಿ ಅಣ್ಣ ರಾಮುಅಣ್ಣ ಅದನ್ನ ಮಾರೋದು. ಬರೀ ಮಾರಿದ್ರೆ ಸಾಲದು, ಹೊಡೆಯೋಕೂ ಕಲಿಸಬೇಕು, ಆ ಕಾಲಕ್ಕೆ ಸೈಕಲ್ ಅಷ್ಟು ಹೊಸದು. ಮುಂದೆ ಕಾಲೇಜಿನಲ್ಲಿ ತಮಗೆ ಬರಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್‌ಗೆ ಹೋದಾಗ ಲಕ್ಷ್ಮಣರಾವ್ ನೌಕರಿ ಬಿಟ್ಟು ಬೆಳಗಾವಿಗೇ ಬಂದುಬಿಟ್ರು. ಆ ಅಂಗಡಿ ಇದ್ದ ರಸ್ತೆಗೆ ಇವತ್ತಿಗೂ ಕಿರ್ಲೋಸ್ಕರ್ ರೋಡ್ ಅಂತಾನೇ ಹೆಸರು. ನಾವೆಲ್ಲ ಬಟ್ಟೆ ಖರೀದಿಗೆ ಅಲ್ಲಿ ಅಡ್ಡಾಡಿದವರೇ, ಯಾರಾತ ಅಂತ ಕೇಳಿದವರಲ್ಲ.

ಬೆಳಗಾವಿಯ ಸಣ್ಣ ವರ್ಕ್‌ಶಾಪಿನಲ್ಲಿ ಅವರು ದನಗಳಿಗೆ ಕಣಕಿ ಕತ್ತರಿಸೋ ಮೆಷಿನ್ ಮಾಡಿದ್ರು. 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದ್ರು. ನಮ್ಮ ಕಡೆ ರಂಟೆ ಅಂತೀವಲ್ಲ, ಅದೇ. ನಮ್ಮ ಎರೆ ಹೊಲದಲ್ಲಿ ಕರಿಕೆ ಬೇರು ಆಳಕ್ಕೆ ಇಳಿದಿದ್ರೆ ಮರದ ನೇಗಿಲು ಮೇಲೆ ಮೇಲೆ ಕೆರೆಯುತ್ತೆ ಅಷ್ಟೇ. ಆದರೂ ರೈತರು ಕಬ್ಬಿಣದ್ದನ್ನ ಮುಟ್ಟಲಿಲ್ಲ. ಕಬ್ಬಿಣ ತಾಗಿದ್ರೆ ಭೂಮಿಗೆ ವಿಷ ಏರುತ್ತೆ ಅಂತ ಅವರ ನಂಬಿಕೆ. ಮೊದಲ ನೇಗಿಲು ಮಾರೋಕೆ ಎರಡು ವರ್ಷ ಹಿಡೀತು. ನಮ್ಮ ಮಿನಿ ಪ್ರಾಜೆಕ್ಟಿಗೆ ಎರಡು ವಾರದಲ್ಲಿ ರಿಸಲ್ಟ್ ಬರಲಿಲ್ಲ ಅಂದ್ರೆ ಟಾಪಿಕ್ ಬದಲಿಸ್ತೀವಿ. ಅವರು ಬದಲಿಸಲಿಲ್ಲ.

ಧಂದೆ ಕೈಹಿಡಿಯೋ ಹೊತ್ತಿಗೆ ಜಾಗವೇ ಹೋಯ್ತು. ಹೊಸ ಬಡಾವಣೆಗೆ ಅಂತ ಬೆಳಗಾವಿ ಮುನ್ಸಿಪಾಲಿಟಿ ಕಾರ್ಖಾನೆ ಎತ್ತಲು ಹೇಳಿತು. ಆಗ ಕೈ ಹಿಡಿದವರು ಔಂಧ್ ಸಂಸ್ಥಾನದ ರಾಜರು. ಕುಂಡಲ್ ರೋಡ್ ಅನ್ನೋ ರೈಲ್ವೆ ಸ್ಟೇಷನ್ ಹತ್ತಿರ 32 ಎಕರೆ ಜಾಗ, ಜೊತೆಗೆ ಹತ್ತು ಸಾವಿರ ರೂಪಾಯಿ ಸಾಲ ಕೊಟ್ಟರು. ಜಾಗ ಅಂದ್ರೆ ಪಾಪಾಸುಕಳ್ಳಿ, ಅದರೊಳಗೆ ನಾಗರಹಾವು. 1910ರಲ್ಲಿ ಇಪ್ಪತ್ತೈದು ಕೆಲಸಗಾರರು ಮತ್ತು ಅವರ ಮನೆಮಂದಿಯ ಜೊತೆ ಅದನ್ನ ಕಡಿದು ಊರು ಮಾಡಿದ್ರು. ಅದೇ ಇವತ್ತು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿರೋ ಕಿರ್ಲೋಸ್ಕರವಾಡಿ.

ಜನರನ್ನ ಆರಿಸೋದರಲ್ಲಿ ಅವರ ಲೆಕ್ಕ ಬೇರೆ ಇತ್ತು. ಶಾಲೆ ಅರ್ಧಕ್ಕೆ ಬಿಟ್ಟವರು, ಮೆಟ್ರಿಕ್ ಫೇಲ್ ಆದವರು ಅಲ್ಲಿ ದೊಡ್ಡ ಜವಾಬ್ದಾರಿ ಹೊತ್ತರು. ಜೈಲು ನೋಡಿ ಬಂದವರಿಗೆ ಕಾವಲು ಕೆಲಸ ಕೊಟ್ಟರು. ಊರಿನೊಳಗೆ ಮುಟ್ಟು ಮಡಿ ಅಂತ ಅಸ್ಪೃಶ್ಯತೆ ಆಚರಿಸೋಕೆ ಬಿಡಲಿಲ್ಲ. 1910ರ ಕಾಲಕ್ಕೆ ಇದು ಸಣ್ಣ ಮಾತಲ್ಲ. ಶೇಂಗಾ ಒಡೆಯೋ ಮೆಷಿನ್, ಕಬ್ಬಿನ ಗಾಣ, ಪಂಪು ಒಂದೊಂದಾಗಿ ಬಂದವು. ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಓದಿ ಬಂದು ಸೇರಿಕೊಂಡ್ರು.

ಈಗ ನಮ್ಮ ಲೇತಿಗೆ ಬರೋಣ. ಮೆಷಿನ್ ಮಾಡೋ ಮೆಷಿನ್ ಲೇತ್. ಎರಡನೇ ಮಹಾಯುದ್ಧದ ಹೊತ್ತಿಗೆ, 1941ರಲ್ಲಿ, ಆಗಿನ ಮೈಸೂರು ಸಂಸ್ಥಾನದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು. ಲಕ್ಷ್ಮಣರಾವ್ ಅವರಿಗೆ ಆಗ 72ರ ಹತ್ತಿರ. ಅಂದ್ರೆ ಮಾಮಾನ ಲೇತ್ 1941ಕ್ಕಿಂತ ಹಳೇದು ಆಗೋಕೆ ಸಾಧ್ಯವೇ ಇಲ್ಲ. ನೂರು ವರ್ಷ ಸುಳ್ಳು.

ಇನ್ನೊಂದು ತುದಿ? ಪಟ್ಟಿಯ ಮೇಲೆ ಮೈಸೂರು ಸ್ಟೇಟ್ ಅಂತಿದೆ. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಹಾಗಾಗಿ ಪಟ್ಟಿ ಅದಕ್ಕಿಂತ ಮೊದಲಿನದು. ಮೂವತ್ತು ವರ್ಷವೂ ಸುಳ್ಳು, ಕಡಿಮೆ ಅಂದ್ರೂ ಐವತ್ತರ ಮೇಲೆ.

ಇನ್ನೂ ಒತ್ತಿ ನೋಡಿದೆ. ಲೀಡ್ ಸ್ಕ್ರೂ ಮೇಲೆ ಸ್ಕೇಲ್ ಇಟ್ಟು ಎಣಿಸಿದ್ರೆ ಇಂಚಿಗೆ ಸರಿಯಾಗಿ ನಾಲ್ಕು ಥ್ರೆಡ್. ಕ್ರಾಸ್ ಸ್ಲೈಡ್ ಡಯಲ್ ಕೂಡ ಇಂಚಿನ ಸಾವಿರದ ಲೆಕ್ಕದ್ದು. ಭಾರತದಲ್ಲಿ ಮೆಟ್ರಿಕ್ ಅಳತೆಯ ಕಾನೂನು ಪಾಸಾಗಿದ್ದು 1956ರ ಕೊನೆಗೆ, ಬಳಕೆಗೆ ಪೂರ್ತಿ ಬಂದದ್ದು ಅರವತ್ತರ ದಶಕದಲ್ಲಿ. ಆದ್ರಿಂದ ನಮ್ಮದು ಅರವತ್ತರ ದಶಕ ಅಥವಾ ಅದಕ್ಕೂ ಮೊದಲಿನದು ಇರಬೇಕು. ಇದು ಸುಳಿವು ಮಾತ್ರ, ಸಾಕ್ಷಿ ಅಲ್ಲ, ಯಾಕಂದ್ರೆ ಆಮೇಲೂ ಇಂಚಿನ ಮೆಷಿನ್ ಬೇಕು ಅನ್ನೋ ಗಿರಾಕಿಗಳು ಇದ್ದೇ ಇರ್ತಾರೆ. ಮೋಟರ್ ಪಟ್ಟಿ ನೋಡಿ ವಯಸ್ಸು ಹೇಳೋದು ಇನ್ನೂ ದೊಡ್ಡ ತಪ್ಪು. ಮೋಟರ್ ಎಷ್ಟು ಸಲ ಬದಲಾಗಿರುತ್ತೋ ಏನೋ. ಚಕ್ ಹತ್ತಿರ ಬೆಡ್ ಸವೆದದ್ದು ಉಗುರಿಗೆ ಸಿಗುತ್ತೆ, ಆದ್ರೆ ಅದು ದುಡಿದ ಲೆಕ್ಕ, ಹುಟ್ಟಿದ ಲೆಕ್ಕ ಅಲ್ಲ. ಟೇಲ್‌ಸ್ಟಾಕ್ ತುದಿಯಲ್ಲಿ ಬೆಡ್ ಮೇಲೆ ಹೊಡೆದ ಸೀರಿಯಲ್ ನಂಬರೂ ಸಿಕ್ಕಿತು. ಅದಕ್ಕೆ ಸರಿಯಾದ ವರ್ಷ ಹೇಳೋದು ಕಾರ್ಖಾನೆಯ ರಿಜಿಸ್ಟರ್. ಹರಿಹರದ ಆ ಕಾರ್ಖಾನೆಯೇ ಮುಚ್ಚಿ ಎಷ್ಟೋ ವರ್ಷ ಆಯ್ತು.

ಲಕ್ಷ್ಮಣರಾವ್ ತೀರಿಕೊಂಡದ್ದು 1956ರ ಸೆಪ್ಟೆಂಬರ್ 26ರಂದು, 87ನೇ ವಯಸ್ಸಿನಲ್ಲಿ. ಸುಮಾರು ಐದು ವಾರಕ್ಕೆ, ನವೆಂಬರ್ 1ಕ್ಕೆ, ಅವರ ಗುರ್ಲಹೊಸೂರು ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಬೈಲಹೊಂಗಲ, ಕಿತ್ತೂರು, ರಾಮದುರ್ಗ ಕೂಡ. ಈ ಲೇತ್ ಅವರು ಇದ್ದಾಗಲೇ ಹುಟ್ಟಿತಾ, ಹೋದ ಮೇಲಾ, ಹೇಳೋಕಾಗಲ್ಲ. 1941 ಮತ್ತು 1973ರ ನಡುವೆ ಅಂತ ಒಂದು ಹಾಳೆಯಲ್ಲಿ ಬರೆದು, ಯಾಕೆ ಅಂತ ಕೆಳಗೆ ಕಾರಣ ಬರೆದು ಮಾಮಾನ ಕೈಗೆ ಕೊಟ್ಟೆ. ಮೊದಲು ಅವರ ಮುಖ ಸ್ವಲ್ಪ ಸಣ್ಣದಾಯ್ತು. ಆಮೇಲೆ ಗುರ್ಲಹೊಸೂರಿನ ಕಥೆ ಹೇಳಿದೆ. ಪೂರ್ತಿ ಕೇಳಿದ್ರು, ಏನೂ ಅನ್ನಲಿಲ್ಲ.

ಗುಜರಿಯವ ಸಂಜೆ ಮತ್ತೆ ಬಂದ. ದೀಪಾವಳಿ ಆದಮೇಲೆ ನೋಡೋಣ ಅಂತ ಮಾಮಾ ಕಳಿಸಿಬಿಟ್ರು. ಆಮೇಲೆ ಏನಾಗುತ್ತೋ ಗೊತ್ತಿಲ್ಲ, ಜಾಗಕ್ಕೂ ದುಡ್ಡಿಗೂ ಅವರಿಗೆ ತೊಂದರೆ ಇದೆ. ನಾನು ಬಸ್ ಹತ್ತೋ ದಿನ ನೋಡಿದ್ರೆ ಆ ಪಟ್ಟಿಗೆ ಬ್ರಾಸೋ ಹಚ್ಚಿ ತಿಕ್ತಾ ಕೂತಿದ್ರು.

ನಮ್ಮ ಕಾಲೇಜ್ ವರ್ಕ್‌ಶಾಪಿನಲ್ಲೂ ಬಣ್ಣ ಬಳಿದ ಹಳೇ ಲೇತ್‌ಗಳಿವೆ. ಮುಂದಿನ ಲ್ಯಾಬಿಗೆ ಹೋದಾಗ, ಇನ್‌ಸ್ಟ್ರಕ್ಟರ್‌ನ ಕೇಳಿ, ಒಂದ್ಸಲ ಪಟ್ಟಿ ಒರೆಸಿ ನೋಡಿ.