ಹೊಲಕ್ಕಿಳಿದ ಕವಿ ಮಿಯಾಜಾವಾ ಕೆಂಜಿ

ಜಪಾನಿನ ಈಶಾನ್ಯಕ್ಕಿರುವ ಇವಾತೆ ಪ್ರಾಂತವು ಹಿಂದೆ ಚಳಿಗೂ ಕ್ಷಾಮಕ್ಕೂ ತವರೆನಿಸಿತ್ತು. ಬೇಸಗೆಯಲ್ಲಿಯೇ ಶೀತಗಾಳಿ ಬೀಸಿ ಬತ್ತದ ಪೈರು ಜೊಳ್ಳಾಗುತ್ತಿದ್ದ ಆ ನಾಡಿನ ಹನಾಮಾಕಿ ಎಂಬ ಊರಿನಲ್ಲಿ 1896ರಲ್ಲಿ ಮಿಯಾಜಾವಾ ಕೆಂಜಿಯವರು ಜನಿಸಿದರು. ತಂದೆಯವರದು ಗಿರವಿ ಅಂಗಡಿ. ಬಡವರು ಬಟ್ಟೆಬರೆಗಳನ್ನು ಅಡವಿಡಲು ಬರುತ್ತಿದ್ದುದನ್ನು ಕಂಡು ಬೆಳೆದ ಬಾಲಕನಿಗೆ, ತಾನುಣ್ಣುವ ಅನ್ನವು ಅವರ ಸಂಕಟದಿಂದ ಬಂದುದೆಂಬ ಅಳುಕು ಹತ್ತಿತು. ಅದು ಕಡೆಯವರೆಗೂ ಬಿಡಲಿಲ್ಲ.

ಮೊರಿಯೋಕಾದ ಉನ್ನತ ಕೃಷಿ ವಿದ್ಯಾಲಯದಲ್ಲಿ ಮಣ್ಣಿನ ಗುಣಧರ್ಮಗಳನ್ನು ಅಭ್ಯಸಿಸಿ 1918ರಲ್ಲಿ ತೇರ್ಗಡೆಯಾದರು. ಮನೆತನದವರು ಅಮಿತಾಭ ಬುದ್ಧನ ಆರಾಧಕರು. ಇವರಾದರೋ ಸದ್ಧರ್ಮಪುಂಡರೀಕ ಸೂತ್ರಕ್ಕೆ ಮನಸೋತವರು. ತಂದೆಯೊಡನೆ ವಾದ ಬೆಳೆದು 1921ರಲ್ಲಿ ಟೋಕಿಯೋ ಸೇರಿದರೂ, ತಂಗಿ ತೋಶಿಯ ಅನಾರೋಗ್ಯದ ವಾರ್ತೆ ಅದೇ ವರ್ಷ ಅವರನ್ನು ಹಿಂದಕ್ಕೆ ಕರೆತಂದಿತು. ಊರಿನ ಕೃಷಿಶಾಲೆಯಲ್ಲಿ ಉಪಾಧ್ಯಾಯರಾದರು. ಮರುವರ್ಷವೇ ತೋಶಿ ತೀರಿಕೊಂಡಳು. ಆ ಶೋಕದ ಕವಿತೆಗಳನ್ನೊಳಗೊಂಡ ‘ವಸಂತ ಮತ್ತು ಅಸುರ’ ಸಂಕಲನವು 1924ರಲ್ಲಿ ಅವರ ಸ್ವಂತ ಖರ್ಚಿನಿಂದ 1,000 ಪ್ರತಿಗಳಾಗಿ ಅಚ್ಚಾಯಿತು. (ಜಪಾನೀಯರ ‘ಶುರಾ’ ಎಂಬ ಶಬ್ದವು ಸಂಸ್ಕೃತದ ‘ಅಸುರ’ವೇ, ಬೌದ್ಧ ಗ್ರಂಥಗಳೊಡನೆ ಚೀನಾದ ಮಾರ್ಗವಾಗಿ ಅಲ್ಲಿಗೆ ಹೋದುದು.) ಕೊಂಡು ಓದಿದವರು ವಿರಳ.

ರೈತರ ಮಕ್ಕಳಿಗೆ ಬೇಸಾಯಕ್ಕೆ ಮರಳಿರೆಂದು ಬೋಧಿಸುತ್ತ ತಾವು ಮಾತ್ರ ಸಂಬಳ ಎಣಿಸುವುದು ಕೆಂಜಿಯವರಿಗೆ ಒಗ್ಗಲಿಲ್ಲ. 1926ರಲ್ಲಿ ಉದ್ಯೋಗ ಬಿಟ್ಟು, ಊರಾಚೆಯ ಮನೆಯೊಂದರಲ್ಲಿ ಒಬ್ಬರೇ ನಿಂತು, ನೆಲ ಅಗೆದು ತರಕಾರಿ ಬೆಳೆದರು. ರಾಸು ರೈತ ಸಂಘವನ್ನು ಕಟ್ಟಿ ಕೃಷಿವಿಜ್ಞಾನವನ್ನು ಹೇಳಿಕೊಟ್ಟರು; ಗ್ರಾಮೊಫೋನಿನಲ್ಲಿ ಸಂಗೀತ ಕೇಳಿಸಿದರು. ಯಾವ ಗದ್ದೆಗೆ ಯಾವ ಗೊಬ್ಬರ ಎಷ್ಟು ಬೇಕೆಂದು ಲೆಕ್ಕಹಾಕಿ ಬರೆದುಕೊಟ್ಟರು, ಕಾಸು ಮುಟ್ಟಲಿಲ್ಲ. ಎಲ್ಲ ರೈತರೂ ನಂಬಿದರೆಂದಲ್ಲ. ಸಿರಿವಂತನ ಮಗನ ಹುಚ್ಚೆಂದು ನಕ್ಕವರೂ ಉಂಟು. ಅಲ್ಪಾಹಾರ, ಅತಿಶ್ರಮಗಳ ಫಲವಾಗಿ 1928ರಲ್ಲಿ ಶ್ವಾಸಕೋಶದ ವ್ಯಾಧಿ ತಗುಲಿ ತಂದೆಯ ಮನೆಗೇ ಮರಳಬೇಕಾಯಿತು. ದೇಹವನ್ನು ಇಷ್ಟು ದಂಡಿಸದಿದ್ದಲ್ಲಿ ಆ ರೈತರಿಗೇ ಇನ್ನಷ್ಟು ಕಾಲ ಒದಗುತ್ತಿದ್ದರೆಂಬುದನ್ನು ಅಲ್ಲಗಳೆಯಲಾಗದು.

ತುಸು ಚೇತರಿಸಿಕೊಂಡ ಮೇಲೆ, ಹುಳಿಮಣ್ಣನ್ನು ಸರಿಪಡಿಸುವ ಸುಣ್ಣಕಲ್ಲಿನ ಪುಡಿಯನ್ನು ತಯಾರಿಸುವ ಕಾರ್ಖಾನೆಯೊಂದನ್ನು ಸೇರಿ, ಅದರ ಮಾರಾಟಕ್ಕಾಗಿ ಊರೂರು ಅಲೆದು 1931ರಲ್ಲಿ ಮತ್ತೆ ಕುಸಿದರು. ಇಂದು ಜಪಾನಿನ ಮಕ್ಕಳಿಗೂ ಕಂಠಸ್ಥವಾಗಿರುವ, ಪ್ರಾರ್ಥನೆಯಂತಹ ಕವಿತೆಯನ್ನು ಆಗ ರೋಗಶಯ್ಯೆಯಲ್ಲಿಯೇ ಕಿರುಹೊತ್ತಗೆಯೊಂದರಲ್ಲಿ ಬರೆದಿಟ್ಟರು. ಅದು ಬೆಳಕಿಗೆ ಬಂದುದು ಅವರ ಮರಣಾನಂತರ.

1933ರಲ್ಲಿ ಆ ನಾಡಿಗೆ ಸಮೃದ್ಧವಾದ ಬೆಳೆ ಬಂದಿತು. ಸೆಪ್ಟೆಂಬರ್ 20ರ ಸಂಜೆ ಗೊಬ್ಬರದ ವಿಷಯ ಕೇಳಲು ರೈತನೊಬ್ಬ ಬಂದನು. ಕೆಂಜಿಯವರು ಹಾಸಿಗೆಯಿಂದೆದ್ದು, ಉಡುಪು ಬದಲಿಸಿ, ಅವನೆದುರು ಕುಳಿತು ಸುಮಾರು ಒಂದು ಗಂಟೆಯ ಕಾಲ ಮಾತನಾಡಿದರು. ಮರುದಿನ ಮಧ್ಯಾಹ್ನ ಕಣ್ಮುಚ್ಚಿದರು. ಆಗ ವಯಸ್ಸು 37. ಉಳಿದ ಹಸ್ತಪ್ರತಿಗಳನ್ನು ಅವರ ತಮ್ಮ ಸೆಯಿರೋಕು ಜತನದಿಂದ ಕಾಪಾಡಿದರು. 1945ರ ಆಗಸ್ಟ್ ತಿಂಗಳ ವಿಮಾನದಾಳಿಯಲ್ಲಿ ಮನೆ ಉರಿದುಹೋದಾಗಲೂ ಅವುಗಳಲ್ಲಿ ಬಹುಪಾಲು ಉಳಿದುಕೊಂಡವು.